ಕೇದರದ ಬಿಸಿ

ಹೊಸಪೇಟೆಯ ಮೀನು ಮಾರುಕಟ್ಟೆಯಲ್ಲಿ ಗಿರಾಕಿಗೆ "ಇವತ್ತು ಒಯ್ಯಬ್ಯಾಡ್ರಿ" ಎಂದು ಹೇಳುತ್ತಿದ್ದವರು ಅವರೊಬ್ಬರೇ. ಡ್ಯಾಮಿನಿಂದ ಬಂದ ಮೀನು ಇವತ್ತಿನದೋ ನಿನ್ನೆಯದೋ ಎಂಬುದನ್ನು ಕಿವಿರು ಎತ್ತಿ ತೋರಿಸಿ ತಾವೇ ಹೇಳಿಬಿಡುತ್ತಿದ್ದರು. ಪಕ್ಕದ ಕಟ್ಟೆಯವರಿಗೆ ಇದರಿಂದ ಸಿಟ್ಟು. ಒಬ್ಬನ ಕಟ್ಟೆಯಲ್ಲಿ ಹಳೆಯದೆಂದರೆ ಇಡೀ ಸಾಲಿನಲ್ಲಿ ಹಳೆಯದೇ ತಾನೆ? ಅವರು ಬೈದರೂ ಇವರು ತಲೆ ಎತ್ತುತ್ತಿರಲಿಲ್ಲ. ಕಟ್ಟೆಯ ಮೇಲೆ ನೀರು ಸುರಿದು, ಬರಲಿನಿಂದ ಉಜ್ಜುತ್ತ, ತಮ್ಮಷ್ಟಕ್ಕೆ ಇರುತ್ತಿದ್ದರು.

ಎತ್ತರದ, ಒಣಕಲು ಮೈ. ಎಡಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕತ್ತರಿಸುವ ಮುಂಚೆ, "ಮನ್ಯಾಗ ಸಣ್ಣ ಮಕ್ಕಳು ಅದಾರೇನ್ರಿ?" ಎಂದು ಕೇಳುತ್ತಿದ್ದರು. ಹೌದೆಂದರೆ ಹೊಟ್ಟೆಯ ಕಡೆಯ ತುಂಡನ್ನು ಬೇರೆ ಮಾಡಿ, ಮುಳ್ಳು ಹುಡುಕಿ ತೆಗೆದು ಕೊಡುತ್ತಿದ್ದರು. ಇನ್ನೊಂದು ಅಭ್ಯಾಸವಿತ್ತು. ಕತ್ತಿ ಇಡುವ ಮೊದಲು ಮೀನಿನ ಮುಖವನ್ನು ಆಚೆ ತಿರುಗಿಸುತ್ತಿದ್ದರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. "ಅದಕ್ಕ ಕಣ್ಣು ಮುಚ್ಚಾಕ ಬರಂಗಿಲ್ರಿ ಟೀಚರ್, ನಾವ ತಿರುವಬೇಕು" ಎಂದಿದ್ದರು. ನಾನು ವಿಜ್ಞಾನದ ಟೀಚರು. ಮೀನಿಗೆ ರೆಪ್ಪೆ ಇಲ್ಲ ಎಂದು ಇಪ್ಪತ್ತು ವರ್ಷ ಪಾಠ ಮಾಡಿದವಳು. ಆದರೆ ಅದನ್ನು ಹಾಗೆ ಯೋಚಿಸಿರಲಿಲ್ಲ.

ಈ ಸಲ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಅವರು ತೀರಿಕೊಂಡರು. ಐವತ್ತು ದಾಟಿತ್ತೋ ಇಲ್ಲವೋ. ಅವರ ಹೆಸರು ಬರೆಯುವುದಿಲ್ಲ. ಮಾರುಕಟ್ಟೆಗೆ ಹೋಗುವವರಿಗೆ ಹೇಗೂ ಗೊತ್ತಾಗುತ್ತದೆ.

ಅವರದು ಕಂಪ್ಲಿಯ ಹೊಳೆದಂಡೆಯ ಮನೆತನ. ಅಪ್ಪ ತೆಪ್ಪ ಹಾಕುತ್ತಿದ್ದವರು, ಬಲೆ ಬೀಸುತ್ತಿದ್ದವರು. ಅಪ್ಪ ಹೋದ ಮೇಲೆ ಇವರು ಸ್ವಲ್ಪ ಕಾಲ ಹಂಪಿಯಲ್ಲಿ ಪ್ರವಾಸಿಗಳನ್ನು ತೆಪ್ಪದಲ್ಲಿ ದಾಟಿಸಿದರು. ಒಬ್ಬ ಅಕ್ಕ, ಊರಲ್ಲೇ ಕೊಟ್ಟಿದ್ದು. ಒಬ್ಬ ತಮ್ಮ, ಇವರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತಮ್ಮ ಸಂಡೂರಿನ ಕಡೆ ಅದಿರಿನ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಗಣಿಗಳು ನಿಂತಾಗ ಲಾರಿಗಳೂ ನಿಂತವು. ಆಗ ಈ ಭಾಗದ ಎಷ್ಟೋ ಜನ ಕರಾವಳಿಗೆ ಹೋಗಿ ಮೀನಿನ ಬೋಟು ಹತ್ತಿದರು. ಅಣ್ಣ ತಮ್ಮ ಇಬ್ಬರೂ ಹೋದರು. ಎರಡು ವರ್ಷಕ್ಕೆ ಅಣ್ಣ ಒಬ್ಬರೇ ವಾಪಸು ಬಂದರು. ತಮ್ಮ ಸಮುದ್ರದಲ್ಲಿ ಹೋದನಂತೆ, ಎಂಬುದಷ್ಟೇ ನಮಗೆ ತಿಳಿದಿದ್ದು. ಕಂಪ್ಲಿಯಲ್ಲಿ ನಿಲ್ಲದೆ ಹೊಸಪೇಟೆಗೆ ಬಂದು, ನಮ್ಮ ಚಿತ್ತವಾಡ್ಗಿಯಲ್ಲೇ ಒಂದು ಕೋಣೆ ಹಿಡಿದು, ಮಾರುಕಟ್ಟೆಯಲ್ಲಿ ಕಟ್ಟೆ ಮಾಡಿದರು. ಮದುವೆ ಆಗಲಿಲ್ಲ. ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವರ ಕೋಣೆ.

ಸಮುದ್ರದ ಬಗ್ಗೆ ತಾವಾಗಿ ಮಾತಾಡುತ್ತಿರಲಿಲ್ಲ. ಒಂದೇ ಒಂದು ಮೀನಿನ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದರು. ದೂರದ ನೀರಿನಲ್ಲಿ, ದಂಡೆ ಕಾಣದ ಜಾಗದಲ್ಲಿ ಸಿಗುವ ದೊಡ್ಡ ಮೀನು. ಮೈ ಒನಕೆಯಂತೆ ನುಣುಪು, ಒಬ್ಬನಿಂದ ಎತ್ತಲಾಗದ ಭಾರ. ಅವರ ಬೋಟಿನಲ್ಲಿ ನಾಲ್ಕು ಸೀಮೆಯ ಏಳು ಜನರಿದ್ದರಂತೆ. ಬೋಟು ನಡೆಸುವ ತಾಂಡೇಲ ತಮಿಳುನಾಡಿನವನು, ಅವನು ಸೂರೈ ಎನ್ನುತ್ತಿದ್ದ. ಕೇರಳದವರಿಬ್ಬರು ಚೂರ ಎನ್ನುತ್ತಿದ್ದರು. ಮರಾಠಿಯವನೊಬ್ಬ ಕುಪ್ಪಾ ಎನ್ನುತ್ತಿದ್ದ. ನಮ್ಮ ಕರಾವಳಿಯವನು ಕೇದರ ಎನ್ನುತ್ತಿದ್ದ. "ನಾವು ಕಂಪ್ಲಿಯವರು ಇಬ್ರು. ನಮ್ಮ ಹಂತ್ಯಾಕ ಅದಕ್ಕ ಹೆಸರ ಇದ್ದಿಲ್ರಿ. ತಮ್ಮ ಒಂದೊಂದು ದಿನ ಒಂದೊಂದು ಹೆಸರು ಕರೀತಿದ್ದ" ಎಂದು ಒಮ್ಮೆ ನಕ್ಕು ಹೇಳಿದ್ದರು. ಅವರು ತಮ್ಮನ ಮಾತು ಎತ್ತಿದ್ದನ್ನು ನಾನು ಕೇಳಿದ್ದು ಆಗಲೇ ಮೊದಲು.

ವಾರಕ್ಕೊಮ್ಮೆ ಪಕ್ಕದ ಕಟ್ಟೆಗೆ ಕರಾವಳಿಯಿಂದ ಐಸಿನ ಪೆಟ್ಟಿಗೆಗಳು ಬರುತ್ತಿದ್ದವು. ಬಂಗುಡೆ, ಭೂತಾಯಿ, ಅಪರೂಪಕ್ಕೆ ಸಣ್ಣ ಗಾತ್ರದ ಕೇದರ. ಅದು ಬಂದ ದಿನ ಇವರು ತಮ್ಮ ಗಿರಾಕಿಯನ್ನು ಬಿಟ್ಟು ಎದ್ದು ಹೋಗಿ, ಕೈ ಒರೆಸಿಕೊಂಡು, ಆ ಮೀನಿನ ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ಇಟ್ಟು, "ತಣ್ಣಗ ಐತಿ" ಎಂದು ವಾಪಸು ಬರುತ್ತಿದ್ದರು. ಐಸಿನಲ್ಲಿ ಇದ್ದದ್ದು ತಣ್ಣಗಿರದೆ ಇನ್ನೇನು ಎಂದು ಅಂಗಡಿಯವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವರನ್ನು ಶಾಲೆಗೆ ಕರೆದವಳು ನಾನೇ. ಎಂಟನೆಯ ತರಗತಿಗೆ ಮೀನಿನ ದೇಹರಚನೆ ತೋರಿಸಬೇಕಿತ್ತು. ಪುಸ್ತಕದ ಚಿತ್ರದಲ್ಲಿ ಕಿವಿರು ಬಾಚಣಿಗೆಯ ಹಾಗೆ ಕಾಣುತ್ತದೆ, ಮಕ್ಕಳಿಗೆ ಅರ್ಥವಾಗುವುದಿಲ್ಲ. ಒಂದು ರೋಹು ತಂದು ಕತ್ತರಿಸಿ ತೋರಿಸುತ್ತೀರಾ ಎಂದು ಕೇಳಿದ್ದಕ್ಕೆ, ಮರುದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬಕೆಟ್ಟಿನಲ್ಲಿ ಜೀವಂತ ಮೀನು ಹಿಡಿದು ಬಂದರು. ಮಕ್ಕಳು ಅವರನ್ನು ಮುತ್ತಿಕೊಂಡರು. ಗಾಳಿಚೀಲ ಬಿಡಿಸಿ ತೆಗೆದು ಒಂದು ಹುಡುಗಿಯ ಅಂಗೈಯಲ್ಲಿಟ್ಟು, "ಇದು ಮೀನಿನ ಬಲೂನವ್ವ, ಒತ್ತಬ್ಯಾಡ" ಎಂದರು. ಹೃದಯ ತೋರಿಸಿದರು. ತತ್ತಿ ತೋರಿಸಿದರು. ನಾನು ಒಂದು ತಾಸಿನಲ್ಲಿ ಹೇಳುವುದನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರು. ಕೆಲಸ ಆದ ಮೇಲೆ ಕೈ ತೊಳೆದು, ಹೋಗದೆ, ಬಾಗಿಲ ಹೊಸ್ತಿಲ ಬಳಿ ನಿಂತರು. ಬೆಂಚಿನ ಮೇಲೆ ಕೂಡ್ರಿ ಎಂದರೆ ಕೂಡಲಿಲ್ಲ. ನನ್ನ ಪಾಠ ಕೇಳುತ್ತಿದ್ದರು.

ನಾನು ಪಾಠದ ಕೊನೆಗೆ ಬಂದು, ಮೀನು ಶೀತರಕ್ತದ ಪ್ರಾಣಿ, ಅದರ ಮೈಯ ಬಿಸಿ ಸುತ್ತಲಿನ ನೀರಿನಷ್ಟೇ ಇರುತ್ತದೆ, ತನ್ನದೇ ಬಿಸಿ ಎಂಬುದು ಅದಕ್ಕಿಲ್ಲ ಎಂದು ಹೇಳಿದೆ. ಮಕ್ಕಳು ಬರೆದುಕೊಂಡರು. ಆಗ ಬಾಗಿಲಿನಿಂದ ಅವರು ಕೇಳಿದರು.

"ಎಲ್ಲಾ ಮೀನಿಗೂನಾ ಟೀಚರ್?"

"ಎಲ್ಲಾ ಮೀನಿಗೂ."

"ಕೇದರಕ್ಕೂ?"

ಆ ಹೆಸರು ಕೇಳಿ ಮಕ್ಕಳು ಗೊಳ್ಳೆಂದರು. ನನಗೂ ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ಯಾವುದೋ ಕರಾವಳಿಯ ಮೀನು ಎಂದಷ್ಟೇ ತಿಳಿದಿದ್ದೆ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು.

"ಹೆಸರು ಯಾವುದಾದರೇನು ಅಣ್ಣಾ, ಮೀನು ಮೀನೇ" ಎಂದೆ. ಮಕ್ಕಳು ಇನ್ನೊಮ್ಮೆ ನಕ್ಕರು.

ಅವರು ತಲೆಯಾಡಿಸಿದರು. ಬಕೆಟ್ಟು ತೆಗೆದುಕೊಂಡು ಹೋದರು.

ಮರುದಿನ ಅವರ ಕಟ್ಟೆ ಖಾಲಿ ಇತ್ತು. ಅದರ ಮರುದಿನವೂ ಖಾಲಿ. ಹದಿನೈದು ದಿನ ಬರಲಿಲ್ಲ. ಕಂಪ್ಲಿಗೆ ಹೋಗಿದ್ದಾನೆ, ಅವರವ್ವನನ್ನು ನೋಡಲಿಕ್ಕೆ ಎಂದು ಪಕ್ಕದವರು ಹೇಳಿದರು. ವಾಪಸು ಬಂದಾಗ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಅವ್ವಗೆ ಆರಾಮಿಲ್ಲವೇನೋ ಎಂದುಕೊಂಡು ಕೇಳಿದೆ. ಆರಾಮ ಅದಾಳ್ರಿ ಎಂದರು. ಮುಂದಿನ ವರ್ಷ ಅದೇ ಪಾಠಕ್ಕೆ ಮತ್ತೆ ಕರೆದಾಗ, ಕೈ ನೋವು ಎಂದು ಮೀನನ್ನಷ್ಟೇ ಕತ್ತರಿಸಿ ಪೊಟ್ಟಣ ಕಟ್ಟಿ ಕಳಿಸಿದರು. ಆಮೇಲೆ ಕರೆಯುವುದನ್ನೇ ಬಿಟ್ಟೆ.

ಅವರು ಬದಲಾದದ್ದನ್ನು ನಾನು ನೋಡಲಿಲ್ಲವೆಂದಲ್ಲ. ಐಸಿನ ಪೆಟ್ಟಿಗೆ ಬಂದ ದಿನ ಎದ್ದು ಹೋಗುವುದು ನಿಂತಿತು. ಅಷ್ಟೇ ಅಲ್ಲ, ಆ ದಿನ ಕಟ್ಟೆಯನ್ನೇ ಹಾಕುತ್ತಿರಲಿಲ್ಲ. ತಮ್ಮ ಮೀನಿಗೂ ಐಸು ಹಾಕುವುದನ್ನು ಬಿಟ್ಟರು. ಬೆಳಿಗ್ಗೆ ಬಂದದ್ದು ಹನ್ನೊಂದರೊಳಗೆ ಹೋಗಬೇಕು, ಹೋಗದಿದ್ದರೆ ಅನಾಥಾಶ್ರಮಕ್ಕೆ ಕೊಟ್ಟುಬಿಡುವರು. ವ್ಯಾಪಾರ ತಿಳಿಯದವನು ಎಂದು ಎಲ್ಲರೂ ಅಂದರು. ಬೇಸಿಗೆಯಲ್ಲಿ ನಮ್ಮ ಓಣಿಯ ಮದುವೆಯೊಂದರಲ್ಲಿ ಐಸು ಹಾಕಿದ ಶರಬತ್ತಿನ ಗ್ಲಾಸು ಕೈಗೆ ಕೊಟ್ಟಾಗ, ಅವರು ಅದನ್ನು ಹಾಗೇ ಕೆಳಗಿಟ್ಟು ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಒಂಟಿ ಮನುಷ್ಯ, ಏನೋ ಒಂದು ಹಟ ಎಂದುಕೊಂಡೆ. ನಾಲ್ಕು ವರ್ಷದ ನಂತರ ಅವರ ಅವ್ವ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿ ಅದೇ ದಿನ ಸಂಜೆಯ ಬಸ್ಸಿಗೆ ಅವರು ವಾಪಸು ಬಂದುಬಿಟ್ಟರು. ಹಿರಿಯ ಮಗ, ದಿನಕರ್ಮದ ತನಕವೂ ನಿಲ್ಲಲಿಲ್ಲ ಎಂದು ಮಾರುಕಟ್ಟೆಯಲ್ಲಿ ಆಡಿಕೊಂಡರು.

ಹೀಗೆ ಆ ಪಾಠ ಮಾಡಿ ಎಂಟು ವರ್ಷ ಆಗಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಕೂತು ಕಿರುಪರೀಕ್ಷೆಯ ಪ್ರಶ್ನೆ ಬರೆಯುತ್ತಿದ್ದೆ. ಎಲ್ಲ ಮೀನುಗಳೂ ಶೀತರಕ್ತದವು, ಸರಿಯೋ ತಪ್ಪೋ. ಪಕ್ಕದಲ್ಲಿ ಆ ವರ್ಷವಷ್ಟೇ ಕರಾವಳಿಯಿಂದ ವರ್ಗವಾಗಿ ಬಂದಿದ್ದ ಗಣಿತದ ಮೇಷ್ಟ್ರು ಕೂತಿದ್ದರು. ಅವರು ಹಾಳೆ ನೋಡಿ, ಮೇಡಂ, ಇದನ್ನು ಕೊಡಬೇಡಿ, ಟ್ಯೂನಾದ ರಕ್ತ ಬಿಸಿ ಎಂದರು. ನಾನು ಒಪ್ಪಲಿಲ್ಲ. ಫೋನಿನಲ್ಲಿ ಹುಡುಕಿದೆವು. ಅವರು ಹೇಳಿದ್ದು ನಿಜವಾಗಿತ್ತು. ನಮ್ಮ ಹಾಗೆ ಮೈಯೆಲ್ಲ ಅಲ್ಲ. ಬೆನ್ನುಮೂಳೆಯ ಅಕ್ಕಪಕ್ಕದ ಕೆಂಪು ಮಾಂಸದಲ್ಲಿ ಆ ಮೀನು ತನ್ನ ಬಿಸಿಯನ್ನು ಕಾದಿಟ್ಟುಕೊಳ್ಳುತ್ತದೆ. ಗಾಳಕ್ಕೆ ಸಿಕ್ಕು ಒದ್ದಾಡಿದರೆ ಮೈ ಇನ್ನಷ್ಟು ಕಾಯುತ್ತದೆ. ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆನಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಖುಷಿಯೂ ಆಯಿತು. ಪ್ರಶ್ನೆ ಹೊಡೆದು ಹಾಕಿ, ಸುಮ್ಮನೆ ಕೇಳಿದೆ, ನಿಮ್ಮ ಕಡೆ ಟ್ಯೂನಾಕ್ಕೆ ಏನನ್ನುತ್ತಾರೆ?

"ಕೇದರ" ಎಂದರು.

ಭಾನುವಾರ ಬೆಳಿಗ್ಗೆ ಚೀಲ ಹಿಡಿದುಕೊಂಡು ಮಾರುಕಟ್ಟೆಗೆ ಹೋದೆ. ಒಂದು ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹೇಳಿ ನಗಿಸೋಣ ಎಂಬ ಹುಮ್ಮಸ್ಸಿನಲ್ಲಿ ಹೋಗಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಅವರು ಒಂದು ಕಾಟ್ಲಾದ ಹುರುಪೆ ಉಜ್ಜುತ್ತಿದ್ದರು.

"ಅಣ್ಣಾ, ಅವತ್ತು ಸಾಲ್ಯಾಗ ನೀವು ಕೇಳಿದ್ದು ಖರೇನ. ನಿಮ್ಮ ಕೇದರದ ರಕ್ತ ಬಿಸಿ ಐತಂತ. ನಾನ ತಪ್ಪು ಹೇಳಿದ್ದೆ" ಎಂದೆ.

ಅವರ ಕೈ ನಿಂತಿತು. "ಯಾರು ಹೇಳಿದ್ರಿ?" ಎಂದರು. ಫೋನು ತೆಗೆದು ಚಿತ್ರ ತೋರಿಸಿದೆ. ಕೈ ಒರೆಸಿಕೊಂಡು ಫೋನು ಇಸಿದುಕೊಂಡರು. ಅದು ಅಲ್ಲ, ಇದು ಸಣ್ಣ ಜಾತಿ ಎಂದರು. ಇನ್ನೊಂದು ತೋರಿಸಿದೆ. ಅದೂ ಅಲ್ಲ. ಬೆನ್ನ ಮೇಲೆ, ಹೊಟ್ಟೆಯ ಕೆಳಗೆ ಅರಿಶಿನದ ಬಣ್ಣದ ಉದ್ದ ರೆಕ್ಕೆ ಇರಬೇಕು ಎಂದರು. ಹುಡುಕಿ ತೆಗೆದೆ. ನೋಡಿದರು. ಆ ಚಿತ್ರದ ಕೆಳಗೆ ಏನು ಬರೆದಿದೆ ಓದ್ರಿ ಎಂದರು. ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಕನ್ನಡದಲ್ಲಿ ಹೇಳಿದೆ. ಸೂರೈ ಅಂತ ಬರೆದಾರೇನು ನೋಡ್ರಿ ಎಂದರು. ಇನ್ನೊಂದು ಕಡೆ ಊರೂರಿನ ಹೆಸರುಗಳ ಪಟ್ಟಿ ಇತ್ತು. ಅದರಲ್ಲಿ ಸೂರೈ ಇತ್ತು, ಚೂರ ಇತ್ತು, ಕೇದರವೂ ಇತ್ತು. ಒಂದೊಂದನ್ನೂ ಎರಡೆರಡು ಸಲ ಓದಿಸಿಕೊಂಡರು.

"ಬಿಸಿ ಎಲ್ಲಿರ್ತೈತಿ ಅಂತ ಬರೆದಾರ? ಹೊಟ್ಟ್ಯಾಗೋ, ಬೆನ್ನಾಗೋ?"

"ಬೆನ್ನಾಗ. ಮೂಳೆ ಹತ್ರ."

ಅವರು ಕಟ್ಟೆಯ ಮೇಲೆ ಕೂತರು. ಗಿರಾಕಿಗಳು ಬಂದರು, ಹೋದರು. ಆಮೇಲೆ, ನನ್ನನ್ನು ನೋಡದೆ, ಆ ದಿನದ ಸಂಗತಿ ಹೇಳಿದರು. ಮೆಲ್ಲಗೆ, ಒಂದೇ ಸಮನೆ, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

ಬೆಳಗಿನ ಹೊತ್ತು. ಗಾಳಗಳು ಕಟ್ಟಿದ ಉದ್ದನೆಯ ಹಗ್ಗವನ್ನು ಮೇಲೆ ಎಳೆಯುತ್ತಿದ್ದರು. ಮೂರು ದೊಡ್ಡ ಮೀನು ಆಗಲೇ ಮೇಲೆ ಬಂದು ಬಿದ್ದಿದ್ದವು. ನಾಲ್ಕನೆಯದು ಜಗ್ಗಿತು. ಹಗ್ಗದ ಸುರುಳಿ ತಮ್ಮನ ಕಾಲಿಗೆ ಸುತ್ತಿಕೊಂಡು ಅವನನ್ನೂ ಎಳೆದುಕೊಂಡು ಹೋಯಿತು. ಇವರು ಬರಿಗೈಯಲ್ಲಿ ಹಗ್ಗ ಹಿಡಿದರು; ಎರಡು ಬೆರಳು ಮಡಚದಂತಾದದ್ದು ಆಗ. ಹಗ್ಗದ ಜೊತೆಗೇ ತಮ್ಮ ಮೇಲೆ ಬಂದ, ಆದರೆ ತಡವಾಗಿತ್ತು. ಬೋಟಿನ ಮೇಲೆ ಮಲಗಿಸಲು ಜಾಗವಿಲ್ಲ. ಮೀನುಗಳ ಮೇಲೇ ಮಲಗಿಸಿದರು. ಹೊಟ್ಟೆ ಒತ್ತಿದರು, ನೀರು ಬಂತು, ಉಸಿರು ಬರಲಿಲ್ಲ. ತಾಂಡೇಲ ಮೂಗಿಗೆ ಬೆರಳಿಟ್ಟು ನೋಡಿದ, ಕೈಯ ನಾಡಿ ನೋಡಿದ, ಹೋಗಿದ್ದಾನೆ ಎಂದ. ಇವರು ತಮ್ಮನ ಬೆನ್ನ ಕೆಳಗೆ ಕೈ ಹಾಕಿದರು. ಬೆಚ್ಚಗಿತ್ತು. ಇಲ್ಲ, ಮೈ ಬೆಚ್ಚಗಿದೆ, ಜೀವ ಇದೆ ಎಂದು ಚೀರಿದರು. ತಾಂಡೇಲ ಇವರ ಕೈ ಹಿಡಿದು ಮೀನಿನ ಬೆನ್ನ ಮೇಲೆ ಇಟ್ಟ. ಅದೂ ಬೆಚ್ಚಗಿತ್ತು. ಇದು ಸೂರೈಯ ಬಿಸಿ, ಅವನದಲ್ಲ ಎಂದ.

ದಂಡೆಗೆ ಮೂರು ದಿನದ ದಾರಿ. ದೇಹ ಊರು ಮುಟ್ಟಬೇಕಾದರೆ ಐಸಿನಲ್ಲಿ ಇಡಬೇಕು. ಬೇರೆಯವರು ಮುಂದೆ ಬಂದರು. ಇವರು ಬಿಡಲಿಲ್ಲ.

"ಪರರ ಕೈ ಬ್ಯಾಡ ಅಂದೆ. ನಾನ ಕೆಳಗಿಳಿಸಿ, ನಾನ ಐಸ್ ಹಾಕಿದ್ನಿರಿ ಟೀಚರ್. ಕಾಲಿನಿಂದ ಸುರು ಮಾಡಿ, ಮುಖದ ತನ."

ತಾಂಡೇಲನ ಮಾತೊಂದನ್ನು ಹಿಡಿದುಕೊಂಡು ಅವರು ಊರಿಗೆ ಬಂದಿದ್ದರು. ಮೀನಿನ ಬಿಸಿ, ಮೀನಿನ ಬಿಸಿ ಎಂದು ದಿನಾ ಹೇಳಿಕೊಂಡು ಮಲಗುತ್ತಿದ್ದರು. ಒಂದು ವರ್ಷ ಹಾಗೆ ಕಳೆದಿತ್ತು. ಆಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ತರಗತಿಗೆ ಬಂದರು. ಮೀನಿಗೆ ತನ್ನದೇ ಬಿಸಿ ಎಂಬುದಿಲ್ಲ ಎಂದು ಕೇಳಿದರು. ಎಲ್ಲಾ ಮೀನಿಗೂನಾ ಎಂದು ಕೇಳಿದರು. ಮೀನಿನದಲ್ಲವಾದರೆ ಆ ಬಿಸಿ ಇನ್ನು ಯಾರದು?

ನಾನು ಅಲ್ಲಿ ನಿಂತು ಎಲ್ಲವನ್ನೂ ಒಟ್ಟಿಗೆ ಹೇಳಲು ಹೋದೆ. ಸತ್ತವರ ಮೈ ಕೂಡ ತಾಸುಗಟ್ಟಲೆ ಬೆಚ್ಚಗಿರುತ್ತದೆ ಅಣ್ಣಾ, ಅದರಿಂದ ಜೀವ ಇತ್ತು ಅಂತ ಆಗುವುದಿಲ್ಲ, ಉಸಿರು ಇರಲಿಲ್ಲ, ನಾಡಿ ಇರಲಿಲ್ಲ, ನಿಮ್ಮ ತಮ್ಮ ಆಗಲೇ ಹೋಗಿದ್ದ. ಇದು ಯಾವ ಟೀಚರಿಗೂ ಗೊತ್ತಿರುವ ವಿಷಯ. ಅವತ್ತೇ ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ. ಆದರೆ ಅವರು ಕೇಳಿದ್ದು ಮೀನಿನ ಬಗ್ಗೆ. ತಮ್ಮನ ಬಗ್ಗೆ ನಲವತ್ತು ಮಕ್ಕಳ ಮುಂದೆ ಹೇಗೆ ಕೇಳುತ್ತಾರೆ?

"ಐಸಿನ್ಯಾಗ ಇಟ್ಟಾಗ ಅವನ ಜೀವ ಇತ್ತು ಅಂತ, ಕಂಪ್ಲಿಗೆ ಹೋಗಿ ಅವ್ವನ ಮುಂದ ಹೇಳಿದೆ. ಮುಚ್ಚಿಟ್ರ ಎರಡು ಪಾಪ ಆಕ್ಕಾವ ಅಂತ ಹೇಳಿದೆ. ಅವ್ವ ಅಳಲಿಲ್ಲ. ಐಸ್ ಹಾಕಿದ್ದು ಯಾರು ಅಂದ್ಲು. ನಾನ ಅಂದೆ. ಎದ್ದು ಒಳಗ ಹೋದ್ಲು. ಹದಿನೈದು ದಿನ ಹೊಸ್ತಿಲದಾಗ ಕುಂತಿದ್ನಿ. ಆಮ್ಯಾಲ ಸಾಯತನ ನನ್ನ ಕೈಲೆ ನೀರು ಮುಟ್ಟಲಿಲ್ಲ."

ಅವರು ನನ್ನ ಫೋನನ್ನು ಅಂಗಿಯ ತುದಿಯಿಂದ ಒರೆಸಿ ವಾಪಸು ಕೊಟ್ಟರು. ಬೈಯಬಹುದಿತ್ತು. ಅವರಿಗೆ ಹಕ್ಕಿತ್ತು. ಇಷ್ಟೇ ಹೇಳಿದರು.

"ಅವ್ವ ಇದ್ದಾಗ ಹೇಳಿದ್ರ ಚಲೋ ಇತ್ರಿ ಟೀಚರ್."

ಮುಂದಿನ ಭಾನುವಾರ ಇಬ್ಬರೂ ಕಂಪ್ಲಿಯ ಬಸ್ಸು ಹತ್ತಿದೆವು. ಅವರೇ ಕೇಳಿದ್ದು. ಅಕ್ಕ ಒಬ್ಬಳಿದ್ದಾಳೆ, ಅವಳೂ ಮಾತು ಬಿಟ್ಟಿದ್ದಾಳೆ, ನಾನು ಹೇಳಿದರೆ ನಂಬುವುದಿಲ್ಲ, ಓದಿದವರು ನೀವು ಹೇಳಬೇಕು ಎಂದರು. ಕಮಲಾಪುರ ದಾಟಿ ಬಾಳೆತೋಟ, ಕಬ್ಬಿನ ಗದ್ದೆ ಕಳೆದವು. ನಡುವೆ ಒಮ್ಮೆ ಅವರು, ಚಿತ್ರ ಇನ್ನೂ ಫೋನಿನ್ಯಾಗ ಐತಿಲ್ರಿ ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಕೋಟೆಯ ಕಡೆ, ಹೊಳೆಗೆ ಇಳಿಯುವ ದಾರಿಯಲ್ಲಿ ಅಕ್ಕನ ಮನೆ. ಆಕೆ ಬಾಗಿಲಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು. ಅವರನ್ನು ನೋಡಿ ಎದ್ದೇಳಲಿಲ್ಲ. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದರು. ನಾನು ಯಾರೆಂದು ಅವರೇ ಹೇಳಿದರು, ನಮ್ಮ ಓಣಿಯ ಟೀಚರು ಎಂದು. ನಾನು ಚಿತ್ರ ತೋರಿಸಿದೆ. ಹೆಸರುಗಳನ್ನು ಓದಿದೆ. ಬಿಸಿ ಎಲ್ಲಿರುತ್ತದೆ, ಯಾಕಿರುತ್ತದೆ, ಸತ್ತ ಮೈ ಎಷ್ಟು ಹೊತ್ತು ಬೆಚ್ಚಗಿರುತ್ತದೆ, ಎಲ್ಲ ಹೇಳಿದೆ. ಆ ಹುಡುಗ ಐಸಿಗೆ ಹೋಗುವ ಮುಂಚೆಯೇ ಹೋಗಿದ್ದ, ಇವರ ಕೈಯಿಂದ ಏನೂ ತಪ್ಪಾಗಿಲ್ಲ ಎಂದೆ. ತರಗತಿಯಲ್ಲಿ ಎಂದೂ ಅಷ್ಟು ಎಚ್ಚರದಿಂದ ಮಾತಾಡಿದವಳಲ್ಲ.

ಆಕೆ ಸೂಜಿ ಹಿಡಿದೇ ಕೇಳಿದರು. ಕೊನೆಗೆ, "ಮತ್ತ ಮದ್ಲ ಯಾರು ಹೇಳಿದ್ರು, ಮೀನು ತಣ್ಣಗ ಇರ್ತಾವ ಅಂತ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವರು, "ಸಂತ್ಯಾಗ ಯಾರೋ ಅಂದ್ರಕ್ಕ. ಓದಿದವ್ರಂಗ ಇದ್ರು, ನಂಬಿದೆ" ಎಂದರು. ಆಕೆಯ ಕಣ್ಣು ಅವರ ಮೇಲಿರಲಿಲ್ಲ. ನಾನು ಚಹಾದ ಲೋಟ ನೋಡುತ್ತ ಕೂತೆ. ಆ ಕ್ಷಣ ಹೋಯಿತು.

ಅಕ್ಕ ಒಳಗೆ ಹೋಗಿ ಅನ್ನಕ್ಕಿಟ್ಟರು. ಊಟ ಬಡಿಸಿದರು. ಅವರ ತಟ್ಟೆಗೆ ಎರಡನೆಯ ಸಲ ಸಾರು ಹಾಕುವಾಗ ಸ್ವಲ್ಪ ಅಂಚಿಗೆ ಚೆಲ್ಲಿತು. ಅವರು ಅದನ್ನು ಬೆರಳಿನಿಂದ ತಟ್ಟೆಯೊಳಕ್ಕೆ ಎಳೆದುಕೊಂಡು ಉಂಡರು. ಉಂಡ ಮೇಲೆ ಅವ್ವನ ಮಣ್ಣಾದ ಜಾಗಕ್ಕೆ ಹೋದರು. ನಾನು ದೂರ ನಿಂತೆ. ಅವರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏನೋ ಹೇಳುತ್ತಿದ್ದರು. ಕೈಯಿಂದ ಮೀನಿನ ಉದ್ದ ತೋರಿಸುತ್ತಿದ್ದದ್ದು ಮಾತ್ರ ನನಗೆ ಕಂಡಿತು.

ಆಮೇಲೆ ಮೂರು ವರ್ಷ ಇದ್ದರು. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅಕ್ಕ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಏನು ಮಾತಾಡುತ್ತೀರಿ ಎಂದು ಕೇಳಿದೆ ಒಮ್ಮೆ. "ಏನಿಲ್ರಿ, ಉಂಡಿಯಾ ಅಂತಾಳ, ಉಂಡೆ ಅಂತೀನಿ, ಆಮ್ಯಾಲ ಇಬ್ರೂ ಸುಮ್ನಿರ್ತೀವಿ" ಎಂದರು. ಶಾಲೆಗೆ ಮತ್ತೆ ಬರುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂದು ಬೆಳಿಗ್ಗೆ ತಾವೇ ಬಕೆಟ್ಟು ಹಿಡಿದು ಗೇಟಿನಲ್ಲಿ ನಿಂತಿದ್ದರು. ಆ ದಿನ ಮಕ್ಕಳಿಗೆ, ಮೀನುಗಳಲ್ಲಿ ಬಿಸಿ ಮೈಯದೂ ಒಂದಿದೆ, ಅದರ ಹೆಸರುಗಳನ್ನು ಈ ಅಣ್ಣ ಹೇಳುತ್ತಾರೆ ಎಂದೆ. ಅವರು ಹೊಸ್ತಿಲ ಬಳಿ ನಿಂತೇ ಒಂದೊಂದಾಗಿ ಹೇಳಿದರು. ಮಕ್ಕಳು ಬರೆದುಕೊಂಡರು. ಯಾರೂ ನಗಲಿಲ್ಲ.

ಹೋದ ವರ್ಷ ಕಾಮಾಲೆ ಎಂದರು. ಆಮೇಲೆ ಹೊಟ್ಟೆ ಉಬ್ಬಿತು. ಆಸ್ಪತ್ರೆಯಲ್ಲಿ ನೋಡಿದಾಗ ಕೈಕಾಲು ಕಡ್ಡಿಯಾಗಿದ್ದವು. ನಾನು ಅಳುವುದನ್ನು ಕಂಡು, ಈಗ ನಿದ್ದಿ ಬರ್ತೈತ್ರಿ ಟೀಚರ್, ಅದರಾಗ ಏನೂ ಕಮ್ಮಿ ಇಲ್ಲ ಎಂದು ನನಗೇ ಸಮಾಧಾನ ಹೇಳಿದರು. ಕೊನೆಗೆ ಅಕ್ಕ ಬಂದು ಕಂಪ್ಲಿಗೆ ಕರೆದೊಯ್ದರು. ಅಲ್ಲೇ ಹೋದರು. ನನಗೆ ಸುದ್ದಿ ಮುಟ್ಟಿದ್ದು ಮೂರು ದಿನ ಕಳೆದು, ಅದೂ ಮಾರುಕಟ್ಟೆಯಲ್ಲಿ, ಅವರ ಖಾಲಿ ಕಟ್ಟೆಯ ಮುಂದೆ ನಿಂತಿದ್ದಾಗ.

ಒಬ್ಬಳೇ ಕಂಪ್ಲಿಗೆ ಹೋದೆ. ಅಕ್ಕ ಅದೇ ಬಾಗಿಲಲ್ಲಿದ್ದರು. ಅವರು ಕೊನೆಯ ದಿನಗಳಲ್ಲಿ ಏನು ಉಂಡರು, ಏನು ಕೇಳಿದರು ಎಂದು ಹೇಳಿದರು. ನಾನು ಹೋದದ್ದು ಅದಕ್ಕಲ್ಲ. ಮೂರು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಲೇಬೇಕಿತ್ತು.

"ಅಕ್ಕಾ, ಮೀನು ತಣ್ಣಗ ಇರ್ತಾವ ಅಂತ ಹೇಳಿದ್ದು ಸಂತ್ಯಾಗಿನವರಲ್ಲ. ನಾನು" ಎಂದೆ.

ಆಕೆ ಹೊಳೆಯ ಕಡೆ ತಿರುಗಿದರು.

"ಗೊತ್ತೈತ್ರಿ. ಅವ್ವನ ಮುಂದ ಹೇಳಿದ ದಿನಾನ ಅಂದಿದ್ದ, ನಮ್ಮ ಟೀಚರ್ ಹೇಳ್ಯಾರ, ಅವರು ಸುಳ್ಳು ಹೇಳಂಗಿಲ್ಲ ಅಂತ."

"ಹಂಗಾದ್ರ ಅವತ್ತು ಯಾಕ ಕೇಳಿದ್ರಿ, ಯಾರು ಹೇಳಿದ್ರು ಅಂತ?"

"ಅವತ್ತು ನಾ ಕೇಳಿದ್ದು ಅವಗಲ್ರಿ" ಎಂದರು ಆಕೆ. "ನಿಮಗ."